ರುಚಿಗಾರನ ಚಮಚ

ಒಂಬತ್ತನೆಯ ಬಟ್ಟಲಿನ ಚಹಾವನ್ನು ಚಮಚದಿಂದ ಸುರ್ರೆಂದು ಎಳೆದುಕೊಂಡ, ಹರಾಜಿನ ಚಹಾಕ್ಕೆ ದರ್ಜೆ ಕೊಡುವ ರುಚಿಗಾರ ಮುಖ ಕಿವುಚಿ ಪೀಕದಾನಿಗೆ ಉಗುಳಿದ.

"ಥೂ, ಇದೂ ಕೊಳೆತಿದೆ. ರಿಜೆಕ್ಟ್ ಅಂತ ಬರ್ಕೊಳ್ಳಿ ಅಕ್ಕಾ."

ಎಲೆ ತೂಗಿ ಬಟ್ಟಲಿಗೆ ಹಾಕುವ ಹೆಂಗಸು ಬರೆಯಲಿಲ್ಲ. "ಒಂಬತ್ತು ತೋಟದವ್ರೂ ಮಾತಾಡ್ಕೊಂಡು ಎಲೆ ಕೊಳೆಸಿದ್ರಾ ಸಾರ್? ಐದು ಗಂಟೆಗೆ ಹರಾಜಿನ ಪಟ್ಟಿ ಹೋಗುತ್ತೆ. ಅದ್ರಲ್ಲಿ ಬಿಟ್ಟುಹೋದ್ರೆ ಅವರ ಈ ಕೊಯ್ಲಿನ ದುಡಿಮೆ ಮಣ್ಣುಪಾಲು."

"ನಾಲಗೆ ನಂದಾ, ನಿಮ್ದಾ?"

ಆ ನಾಲಗೆಯೇ ಅವನ ಅನ್ನ. ಅದಕ್ಕಾಗಿ ಹದಿನೆಂಟು ವರ್ಷದಿಂದ ಬೆಳ್ಳುಳ್ಳಿ ಮುಟ್ಟಿಲ್ಲ. ಎಂಟು ದಿನದ ಹಿಂದೆ ಬುದ್ಧಿಹಲ್ಲು ಕಿತ್ತ ಡಾಕ್ಟರು ನಂಜಾಗದಂತೆ ದಿನಕ್ಕೆ ಮೂರರಂತೆ ಐದು ದಿನ ಆಂಟಿಬಯೋಟಿಕ್ ಬರೆದಿದ್ದರು. ನಾಲ್ಕನೆಯ ಮಾತ್ರೆಗೇ ಬಾಯಲ್ಲಿ ತುಕ್ಕು ಕಬ್ಬಿಣದ ರುಚಿ. ನಾಲಗೆ ಕೆಟ್ಟೀತೆಂದು ಉಳಿದ ಹನ್ನೊಂದನ್ನು ಮೇಜಿನ ಖಾನೆಗೆ ತಳ್ಳಿದ್ದ.

ಹೆಂಗಸು ಇನ್ನೊಂದು ಬಟ್ಟಲಿಟ್ಟಳು. ಅವನು ಎಳೆದುಕೊಂಡು ಉಗುಳಿದ. "ಸತ್ತ ಇಲಿ!"

"ಹೋದ ತಿಂಗಳು ನೀವೇ ಮೊದಲ್ನೇ ದರ್ಜೆ ಅಂತ ಸಹಿ ಹಾಕಿದ್ದ ಇಲಿ ಇದು. ಮಾದರಿ ಡಬ್ಬಿಯಿಂದ ತೆಗ್ದೆ." ಅವಳು ದನಿ ತಗ್ಗಿಸಿದಳು. "ಬೇಜಾರ್ ಮಾಡ್ಕೋಬೇಡಿ ಸಾರ್. ನಾತ ಬಟ್ಟಲಿಂದಲ್ಲ. ಮೂರು ದಿನದಿಂದ ಕಿಟಕಿ ಕಡೆ ಮುಖ ಮಾಡ್ಕೊಂಡು ತೂಗ್ತಿದೀನಿ."

ಅವನು ದವಡೆಯನ್ನು ಹೊರಗಿನಿಂದ ಒತ್ತಿದ. ಬೆಚ್ಚಗಿನ, ಮಂದವಾದದ್ದೇನೋ ನಾಲಗೆಯ ಮೇಲೆ ಜಾರಿತು. ಒಂಬತ್ತು ಬಟ್ಟಲಿನಲ್ಲೂ ಸಿಕ್ಕ ಅದೇ ರುಚಿ. ಉಗುಳಿದಾಗ ಪೀಕದಾನಿಯ ಕಪ್ಪು ಚಹಾದ ಮೇಲೆ ಕೀವಿನ ಹಳದಿ ಎಳೆ ತೇಲಿತು. ದವಡೆ ಹಿಡಿದುಕೊಂಡೇ ಎದ್ದು ಹೊರಟ.

ಎದುರು ಬೀದಿಯ ಡಾಕ್ಟರು ಹಲ್ಲು ಕಿತ್ತ ಕುಳಿ ತೊಳೆದು, ಹತ್ತಿಗೆ ಅಂಟಿಬಂದದ್ದನ್ನು ಅವನ ಕಣ್ಣೆದುರು ಹಿಡಿದರು.

"ಮಾತ್ರೆ ಎಷ್ಟು ತಗೊಂಡ್ರಿ?"

"ನಾಲ್ಕು."

"ಮತ್ತೆ ಹದಿನೈದು ನಾನ್ಯಾಕೆ ಬರೆದೆ, ಕೈ ಕೆರೀತಿತ್ತಾ? ಹಳೇದು ಎಸೀರಿ. ಬೇರೆ ಬರೀತೀನಿ. ಮುಗಿದ್ಮೇಲೆ ಮಾತ್ರೆಯ ಖಾಲಿ ಪಟ್ಟಿ ತಂದು ತೋರಿಸ್ಬೇಕು."

ಅವನು ಮರಳಿದಾಗ ನಾಲ್ಕೂ ಕಾಲು. ಬಟ್ಟಲುಗಳ ಮುಂದೆ ಹೊಸ ಮಾತ್ರೆಯೊಂದನ್ನು ನುಂಗಿದ. ಡಾಕ್ಟರ ಚುಚ್ಚುಮದ್ದಿಗೆ ಅರ್ಧ ಬಾಯಿ ಜೋಮು ಹಿಡಿದಿತ್ತು. ಯಾರ ಕೈಗೂ ಕೊಡದಿದ್ದ ಚಮಚವನ್ನು ಮೇಜಿನಾಚೆಗೆ ಸರಿಸಿದ.

"ನೀವು ನೋಡಿ ಅಕ್ಕಾ. ನೀವು ಹೇಳಿದ್ದನ್ನ ನಾನು ಬರ್ಕೋತೀನಿ."

"ನಾನಾ?"

ಅವನು ಪೆನ್ನು ತೆಗೆದ.

ಅವಳು ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಎತ್ತಿ, ಕುದಿಯುವ ಕೆಟಲಿನ ನೀರನ್ನು ಚಮಚದ ಮೇಲೆ ಸುರಿದಳು. ಬೆಳಕಿಗೆ ಹಿಡಿದು ನೋಡಿದಳು. ಮತ್ತೊಮ್ಮೆ ಸುರಿದಳು. ಆಮೇಲೆ, ಅವನ ಮುಖ ನೋಡದೆ, ಇನ್ನೊಮ್ಮೆ.