ಪಾರಣೆಗೆ ಬಂದ ಸರ್ವರ್

ಪಾಲಾರ್ ಡೈರಿಯ ಮೊದಲ ಸರ್ವರ್ ಸತ್ತದ್ದು ಶೀತದಿಂದ. ಕಂಪ್ಯೂಟರಿಗೆ ತಂಪು ಬೇಕು ಎಂದು ಯಾರೋ ಹೇಳಿದ್ದು ಯಜಮಾನ ಕೋದಂಡರಾಮಪ್ಪನವರ ತಲೆಯಲ್ಲಿ ಕೂತುಬಿಟ್ಟಿತ್ತು. "ತಂಪು ತಾನೆ? ನಮ್ ಹತ್ರ ಇರೋದೇ ಅದು. ಏಸಿ ಯಾಕೆ ದಂಡಕ್ಕೆ?" ಎಂದು ಆ ಕಪ್ಪು ಡಬ್ಬವನ್ನು ಬೆಣ್ಣೆ ದಾಸ್ತಾನಿನ ಶೀತಲ ಕೋಣೆಯಲ್ಲೇ ಕೂರಿಸಿದರು. ಬಾಗಿಲು ತೆಗೆದಾಗಲೆಲ್ಲ ಕೋಲಾರದ ಸೆಕೆ ಒಳಗೆ ನುಗ್ಗಿ, ಯಂತ್ರದ ಹೊಟ್ಟೆಯಲ್ಲಿ ಇಬ್ಬನಿಯಾಗಿ ಕೂರುತ್ತಿತ್ತು. ಕೆಲವು ವರ್ಷ ಅದು ಸಹಿಸಿಕೊಂಡಿತು. ಎರಡು ಸಾವಿರದ ಆರರ ಬೇಸಗೆಯಲ್ಲಿ, ಒಂದು ಬಟವಾಡೆಯ ದಿನ, ಸಹನೆಯೂ ಅದೂ ಒಟ್ಟಿಗೆ ಹೋದವು.

ಏನಾಯಿತೆಂದು ನೋಡಲು ಒಳಗೆ ಹೋದವರು ವಿದ್ಯಾಧೀಶಾಚಾರ್ಯರು. ಮುಳಬಾಗಿಲಿನವರು, ಲೆಕ್ಕ ಬರೆಯಲೆಂದು ಕೆಲಸಕ್ಕೆ ಸೇರಿದವರು. ಡಬ್ಬದ ಜೊತೆ ಬಂದ ಪುಸ್ತಕವನ್ನು ಕುತೂಹಲಕ್ಕೆ ಓದಿದ ತಪ್ಪಿಗೆ ಡೈರಿಯ ಕಂಪ್ಯೂಟರ್ ವಿಭಾಗವೇ ಆಗಿಹೋಗಿದ್ದರು. ಅವರು ಒಳಗಿದ್ದಾಗ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಒಳಗಿನ ಹಿಡಿ ಮುರಿದು ಬಹಳ ಕಾಲವಾಗಿತ್ತು. ಬೆಣ್ಣೆ ಎದ್ದು ಹೊರಗೆ ಬರುವುದಿಲ್ಲವಲ್ಲ ಎಂದು ಯಾರೂ ರಿಪೇರಿ ಮಾಡಿಸಿರಲಿಲ್ಲ. ಬಡಿದು ಬಡಿದು ಕೈ ಮರಗಟ್ಟುವ ಹೊತ್ತಿಗೆ ಸ್ಟೋರ್ ಕೀಪರ್ ಚನ್ನರಾಯಪ್ಪ ಬಾಗಿಲು ತೆಗೆದ.

"ಏನ್ ಆಚಾರ್ರೇ, ಶ್ರೀಕೃಷ್ಣನ ಥರ ಬೆಣ್ಣೆ ಮಧ್ಯೆ ಕೂತಿದೀರಾ!"

"ಅವನಿಗೆ ಬಾಗಿಲು ತಾನಾಗೇ ತೆರ್ಕೊಂಡಿತ್ತು ಕಣಯ್ಯಾ," ಎಂದರು ಆಚಾರ್ಯರು, ಹಲ್ಲು ಕಟಕಟಿಸುತ್ತ.

ನಿಜವಾದ ಸೆರೆ ಬೆಣ್ಣೆ ಕೋಣೆಯಲ್ಲ, ಬಟವಾಡೆ. ಕ್ಯಾಲನೂರಿನಿಂದ ಲಕ್ಕೂರಿನವರೆಗೆ ಹಾಲು ಹಾಕುವ ಪ್ರತಿ ಮನೆಯ ಎರಡು ಹೊತ್ತಿನ ಲೀಟರು, ಜಿಡ್ಡಿನ ಅಂಶ, ಹಿಂಡಿ ಬೂಸಾಕ್ಕೆ ಮುರಿದುಕೊಳ್ಳುವುದು, ಎಲ್ಲವನ್ನೂ ಹದಿನೈದು ದಿನಕ್ಕೊಮ್ಮೆ ಒಂದೇ ರಾತ್ರಿ ಅರೆದು ಬೆಳಗಿಗೆ ಬಿಲ್ಲು ಕೊಡಬೇಕು. ಉಳಿದ ದಿನ ಯಂತ್ರಕ್ಕೆ ನಿದ್ದೆ, ಆ ರಾತ್ರಿ ಮಾತ್ರ ಕುಂಭಕರ್ಣನ ಹಸಿವು. ಏಕಾದಶಿಯೂ ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆಯೇ ಬರುತ್ತದೆ. ಆಚಾರ್ಯರಿಗೆ ಅಂದು ನೀರೂ ಇಲ್ಲ. ಮರುದಿನ ದ್ವಾದಶಿಯ ಬೆಳಗ್ಗೆ, ಹೊತ್ತು ಮೀರುವ ಮುಂಚೆ, ಮನೆಯಲ್ಲಿ ಮಡಿಯಲ್ಲಿ ಕೂತು ಪಾರಣೆಯ ಊಟ. ಸೂರ್ಯನ ತಿಂಗಳೂ ಚಂದ್ರನ ತಿಂಗಳೂ ಒಂದೇ ಅಳತೆಯವಲ್ಲವಾದ್ದರಿಂದ ಬಟವಾಡೆಯೂ ಏಕಾದಶಿಯೂ ದೂರ ದೂರ ಓಡಾಡಿಕೊಂಡಿರುತ್ತಿದ್ದವು. ಆದರೆ ಒಮ್ಮೆ ಒಂದರ ಮೇಲೊಂದು ಬಂದರೆ ಎರಡು ಮೂರು ತಿಂಗಳು ಬಿಡುತ್ತಿರಲಿಲ್ಲ. ಆಗೆಲ್ಲ ಆಚಾರ್ಯರು ದ್ವಾದಶಿಯ ಬೆಳಗನ್ನು ಪ್ರಿಂಟರಿನ ಮುಂದೆ ಕಳೆದು, ಕಂಪನಿಯ ಹಾಲು ಕುಡಿದು ವ್ರತ ಮುಗಿಸುತ್ತಿದ್ದರು. ಹೆಂಡತಿ ಸೌಪರ್ಣಿಕಾ ಮುಳಬಾಗಿಲಿನಲ್ಲಿ ಎರಡು ಎಲೆ ಹಾಕಿ, ಒಂದನ್ನು ಹಸುವಿಗೆ ಕೊಟ್ಟು ಬರುತ್ತಿದ್ದರು.

ಮುಳಬಾಗಿಲಿನಲ್ಲಿ ಡೈರಿಯದೇ ಹಾಲು ತಣಿಸುವ ಕೇಂದ್ರವೊಂದಿತ್ತು. ಅಲ್ಲೊಂದು ಗುಮಾಸ್ತೆ ಕುರ್ಚಿ. ಮನೆಯಿಂದ ಎರಡು ಬೀದಿ. ಆಚಾರ್ಯರು ಅದನ್ನು ಬಹಳ ವರ್ಷಗಳಿಂದ ಕೇಳುತ್ತಿದ್ದರು.

"ಹೋಗಿ ಸ್ವಾಮಿ, ಬೇಡ ಅಂದೋರ್ಯಾರು?" ಎಂದರು ಈ ಸಲ ಕೋದಂಡರಾಮಪ್ಪ. "ಹೊಸ ಸರ್ವರ್ ಒಂದು ನೋಡಿ, ತರಿಸಿ, ಕೂರಿಸಿ. ನೀವು ಹೋದ್ಮೇಲೆ ಬಿಲ್ಲು ನಿಲ್ಲಬಾರ್ದು, ಅಷ್ಟೇ. ನನ್ನ ಮಾತು ಅಂದ್ರೆ ಮಾತು."

ಹೆಣ್ಣು ನೋಡಲು ಹೋದವರು ಕೂಡ ಇಷ್ಟು ಶ್ರದ್ಧೆಯಿಂದ ನೋಡಿರಲಾರರು. ಆಚಾರ್ಯರು ಹುಡುಕುತ್ತಿದ್ದದ್ದು ಬಹಳ ಬಲವಾದ ಯಂತ್ರವನ್ನಲ್ಲ. ತಮ್ಮ ಅಗತ್ಯವೇ ಇಲ್ಲದ ಯಂತ್ರವನ್ನು. ಮೂರು ಕಂಪನಿಗಳಿಂದ ಕೊಟೇಶನ್ ತರಿಸಿದರು. ಮೂರೂ ರ್ಯಾಕ್ ಸರ್ವರ್‌ಗಳೇ, ಹಪ್ಪಳದ ಡಬ್ಬಿಯಂತೆ ಚಪ್ಪಟೆಯಾಗಿ ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಕೂರುವಂಥವು. ಮೊದಲನೆಯದು ಭಾರಿ ಪ್ರೊಸೆಸರಿನದು. ಹಳೆಯ ಯಂತ್ರ ಏದುಸಿರು ಬಿಡುತ್ತಿದ್ದದ್ದು ಡಿಸ್ಕಿನಿಂದ ಲೆಕ್ಕವನ್ನು ಎತ್ತಿ ಇಳಿಸುವಾಗಲೇ ಹೊರತು ಕೂಡುವಾಗಲ್ಲ ಎಂಬುದು ಪಕ್ಕದಲ್ಲಿ ಸ್ವೆಟರ್ ಹಾಕಿಕೊಂಡು ಕೂತವರಿಗೆ ಗೊತ್ತಿತ್ತು, ಅದನ್ನು ಬಿಟ್ಟರು. ಎರಡನೆಯದು ಅಗ್ಗ. ಅದಕ್ಕೆ ಕರೆಂಟು ಹರಿಯುವುದು ಒಂದೇ ದಾರಿಯಲ್ಲಿ, ಆ ದಾರಿ ಸುಟ್ಟರೆ ಆಚಾರ್ಯರು ಕೋಲಾರದ ಬಸ್ಸು ಹತ್ತಬೇಕು. ಅದರ ಮೇಲೆ ನಾಲ್ಕು ಪುಟ ದೋಷ ಬರೆದು, ಕೊನೆಗೆ "ಕೈಯಿಂದಲೂ ಮುಟ್ಟತಕ್ಕದ್ದಲ್ಲ" ಎಂದು ಸೇರಿಸಿದರು.

ಮೂರನೆಯದನ್ನು ತಂದವನು ಅಮರನಾಥ್, ಮಾಸ್ತಿ ಕಡೆಯ ಹುಡುಗ, ಟೈ ಕಟ್ಟಿದ್ದ. "ಎರಡು ಪವರ್ ಸಪ್ಲೈ ಸಾರ್, ಒಂದು ಹೋದ್ರೆ ಇನ್ನೊಂದು. ಬರ್ದಿದ್ದೆಲ್ಲ ಎರಡೆರಡು ಡಿಸ್ಕಲ್ಲಿರತ್ತೆ. ಒಂದು ಕೆಟ್ರೆ ಓಡ್ತಾ ಇರೋವಾಗ್ಲೇ ಎಳೆದು ಬೇರೆ ಹಾಕ್ಬೋದು. ಮೆಮೊರಿ ನೀವು ಹೇಳಿದಷ್ಟು. ಇನ್ನೊಂದು ಕಾರ್ಡ್ ಇದೆ ಸಾರ್, ಸರ್ವರ್ ಮಲಗಿದ್ರೂ ಇದು ಎಚ್ಚರವಾಗಿರತ್ತೆ. ನಾವು ಬೆಂಗಳೂರಲ್ಲೇ ಕೂತು ಆನ್ ಮಾಡ್ಬೋದು, ಆಫ್ ಮಾಡ್ಬೋದು, ಫ್ಯಾನ್ ತಿರುಗ್ತಾ ಇದೆಯಾ ನೋಡ್ಬೋದು. ಇಲ್ಲಿ ಮನುಷ್ಯರೇ ಬೇಕಾಗಲ್ಲ."

"ಕೊನೇದು ಇನ್ನೊಂದ್ಸಲ ಹೇಳಪ್ಪ," ಎಂದರು ಆಚಾರ್ಯರು.

"ಇಲ್ಲಿ ಮನುಷ್ಯರೇ ಬೇಕಾಗಲ್ಲ ಸಾರ್."

ಅಮರನಾಥನಿಗೆ ಅಂದು ಎರಡು ಲೋಟ ಬಾದಾಮಿ ಹಾಲು ಸಿಕ್ಕಿತು.

ಆಚಾರ್ಯರು ಅಮರನಾಥನನ್ನೂ ಕರೆದುಕೊಂಡು ಹೋಗಿ ಯಜಮಾನರ ಮುಂದೆ ಮೂರೂ ಚಿತ್ರಗಳನ್ನು ಹರಡಿದರು. ಕೋದಂಡರಾಮಪ್ಪ ಕನ್ನಡಕ ಏರಿಸಿ ನೋಡಿದರು. "ಇದೇನಯ್ಯಾ, ಇಡ್ಲಿ ಸ್ಟ್ಯಾಂಡ್ ಇದ್ದಂಗಿದೆ. ಸರೇ, ಆಚಾರ್ರು ಹೇಳಿದ್ಮೇಲೆ ಮುಗೀತು. ಮೂರನೇದೇ ಆಗ್ಲಿ." ವರ್ಗಾವಣೆಯ ಕಾಗದವನ್ನೂ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಆಚಾರ್ಯರ ಕಣ್ಣ ಮುಂದೆ ಪಾರಣೆಯ ಅಗಸೆ ಸೊಪ್ಪಿನ ಪಲ್ಯ ಹಬೆಯಾಡಿತು.

ಪೆನ್ನು ನಿಂತಿತು. "ದೂರದಿಂದ ನೋಡ್ಕೋಬೋದು ಅಂದ್ಯಲ್ಲಪ್ಪ, ಎಷ್ಟು ದೂರದಿಂದ?"

"ಎಲ್ಲಿಂದ ಬೇಕಾದ್ರೂ ಸಾರ್," ಎಂದ ಅಮರನಾಥ್. ಮಾರುವವನಿಗೆ ಎಲ್ಲಿ ಬಾಯಿ ಮುಚ್ಚಬೇಕೆಂದು ಯಾರೂ ಕಲಿಸಿರುವುದಿಲ್ಲ. "ಇಂಟರ್ನೆಟ್ ಇದ್ರೆ ಸಾಕು."

"ಮಾಲೂರಿಂದ?"

"ಆಗತ್ತೆ ಸಾರ್."

"ಶ್ರೀನಿವಾಸಪುರದಿಂದ?"

"ಆಗತ್ತೆ ಸಾರ್."

"ಮುಳಬಾಗಿಲಿಂದ?"

"ಮನೇಲೇ ಕೂತ್ಕೊಂಡು ಸಾರ್!"

"ಮಂಚಿದಿ!" ಎಂದರು ಕೋದಂಡರಾಮಪ್ಪ. ಸಂತೋಷವಾದಾಗ ಅವರಿಗೆ ತೆಲುಗು ಬರುತ್ತಿತ್ತು. "ಹಂಗಾದ್ರೆ ನೋಡ್ಕೊಳ್ಳೋಕೆ ಅಂತ ಬೆಂಗಳೂರಿನೋರಿಗೆ ವರ್ಷಾವರ್ಷ ದುಡ್ಡು ಯಾಕೆ ಕೊಡೋದು? ನಮ್ ಆಚಾರ್ರು ಇದಾರಲ್ಲ. ನೋಡಿ ಸ್ವಾಮಿ, ಗೂಟ ಇಲ್ಲಿದ್ರೂ ಹಗ್ಗ ಉದ್ದ ಬಿಟ್ರೆ ಹಸು ಎಲ್ಲಿ ಬೇಕಾದ್ರೂ ಮೇಯತ್ತೆ."

ಆಚಾರ್ಯರು ಎರಡನೆಯ ಚಿತ್ರವನ್ನು ಮುಂದೆ ಸರಿಸಿದರು. "ಯಜಮಾನ್ರೇ, ಯೋಚನೆ ಮಾಡಿದ್ರೆ ಎರಡನೇದೂ ಅಂಥಾ ಕೆಟ್ಟದ್ದೇನಲ್ಲ. ದುಡ್ಡೂ ಉಳಿಯತ್ತೆ. ಆ ಕಾರ್ಡು ಗೀರ್ಡು ನಮಗ್ಯಾಕೆ..."

ಕೋದಂಡರಾಮಪ್ಪ ಪುಟ ಮಗುಚಿ, ಬೆರಳಿಟ್ಟು, ಗಟ್ಟಿಯಾಗಿ ಓದಿದರು. "'ಕೈಯಿಂದಲೂ ಮುಟ್ಟತಕ್ಕದ್ದಲ್ಲ.' ನೀವೇ ಬರ್ದಿದೀರಲ್ಲ ಸ್ವಾಮಿ? ನಾಲ್ಕು ಪುಟ! ಓದ್ದೋನಿಗೆ ಭಯ ಆಗತ್ತೆ." ಖರೀದಿಯದು, ವರ್ಗಾವಣೆಯದು, ಎರಡೂ ಕಾಗದಗಳಿಗೆ ರುಜು ಬಿತ್ತು. ಕೇಳಿದ್ದೆಲ್ಲ ಸಿಕ್ಕಿದ ಮನುಷ್ಯನಿಗೆ ದೂರುವ ದಾರಿಯೂ ಇರುವುದಿಲ್ಲ.

ಹೊಸ ಸರ್ವರ್ ಏಸಿ ಇರುವ ಬೇರೆ ಕೋಣೆಯಲ್ಲಿ ಕೂತಿತು. ಆಚಾರ್ಯರ ಮನೆಗೆ ಬ್ರಾಡ್‌ಬ್ಯಾಂಡ್, ಫೋನು, ಒಂದು ಕಂಪ್ಯೂಟರು ಬಂದವು. ಪ್ಲಗ್ಗಿದ್ದ ಗೋಡೆ ಒಂದೇ, ಊಟದ ಪಡಸಾಲೆಯದು. ಸೌಪರ್ಣಿಕಾ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಇದಕ್ಕೂ ಎಲೆ ಹಾಕ್ಬೇಕಾ?"

ಯಂತ್ರ ಆರಿಸಿದವರ ಮಾನ ಉಳಿಸಿತು. ಒಂದು ರಾತ್ರಿಯ ಕೆಲಸ ಊಟ ಮುಗಿಯುವಷ್ಟರಲ್ಲಿ ಮುಗಿಯುತ್ತಿತ್ತು. ಅದು ಕೆಡಲಿಲ್ಲ, ಬಿಸಿಯಾಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಕರೆಯುತ್ತಿದ್ದವರು ಕೋದಂಡರಾಮಪ್ಪ. ನೋಡಬಹುದು ಎಂದು ಗೊತ್ತಾದ ಮೇಲೆ ನೋಡಿಸದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಧ್ಯಾವಂದನೆಯ ಅರ್ಘ್ಯ ಕೈಯಲ್ಲಿರುವಾಗ: "ಓಡ್ತಾ ಇದೆಯಾ ಸ್ವಾಮಿ?" ಓಡುತ್ತಿದೆ ಎಂದರೆ, "ನೋಡಿ ಹೇಳ್ತಿದೀರೋ, ಸುಮ್ನೆ ಹೇಳ್ತಿದೀರೋ?"

ಬಟವಾಡೆಯೂ ಏಕಾದಶಿಯೂ ಮತ್ತೆ ಕೂಡಿದವು. ದ್ವಾದಶಿಯ ಬೆಳಗ್ಗೆ ಆಚಾರ್ಯರು ಸ್ನಾನ, ಪೂಜೆ ಮುಗಿಸಿ ಒದ್ದೆ ಮಡಿಯಲ್ಲಿ ಎಲೆಯ ಮುಂದೆ ಕೂತರು. ಅಗಸೆ ಸೊಪ್ಪು, ನೆಲ್ಲಿಕಾಯಿ ಚಟ್ನಿ, ಬಿಸಿ ಅನ್ನ. ಎದುರಿನ ಪರದೆಯ ಮೇಲೆ ಹಸಿರು ಗುರುತು ನೆಮ್ಮದಿಯಾಗಿ ಮಿನುಗುತ್ತಿತ್ತು. ತೀರ್ಥ ತೆಗೆದುಕೊಂಡು ಕೈ ಅನ್ನಕ್ಕೆ ಹೋಗುವಾಗ ಫೋನು ಹೊಡೆದುಕೊಂಡಿತು.

ಇಬ್ಬರೂ ಮಡಿ, ಮುಟ್ಟುವ ಹಾಗಿಲ್ಲ. ಅದು ನಿಲ್ಲಲಿಲ್ಲ. ಕೊನೆಗೆ ಸೌಪರ್ಣಿಕಾ ಮರದ ಸೌಟಿನ ಹಿಡಿಯಿಂದ ಸ್ಪೀಕರಿನ ಗುಂಡಿ ಒತ್ತಿದರು.

"ಸ್ವಾಮಿ, ಬಿಲ್ಲೆಲ್ಲ ಬಂತು, ಫಸ್ಟ್ ಕ್ಲಾಸ್!" ಎಂದಿತು ಪಡಸಾಲೆ ತುಂಬ ಕೋದಂಡರಾಮಪ್ಪನವರ ದನಿ. "ಆದ್ರೂ ಒಂದ್ಸಲ ಒಳಗೆ ಹೊಕ್ಕು ನೋಡ್ಬಿಡಿ, ಎಲ್ಲಾ ಸರಿ ಇದೆಯಾ ಅಂತ."

"ಅವ್ರು ಪಾರಣೆಗೆ ಕೂತಿದಾರೆ," ಎಂದರು ಸೌಪರ್ಣಿಕಾ.

"ಅಯ್ಯಯ್ಯೋ, ಏಳ್ಬೇಡಿ, ಏಳ್ಬೇಡಿ! ದ್ವಾದಶಿ ಊಟ ಬಿಟ್ಟು ಎಬ್ಬಿಸಿದ ಪಾಪ ನನಗ್ಯಾಕೆ? ನಿಧಾನಕ್ಕೆ ಮಾಡಿ. ನಾನು ಲೈನಲ್ಲೇ ಇರ್ತೀನಿ."

ಆಚಾರ್ಯರು ಮೊದಲ ತುತ್ತು ಬಾಯಿಗಿಟ್ಟರು. ಸ್ಪೀಕರಿನಲ್ಲಿ ಒಬ್ಬ ದಪ್ಪ ಮನುಷ್ಯನ ಉಸಿರು, ಅದರ ಹಿಂದೆ ಹಾಲಿನ ಕ್ಯಾನುಗಳ ಸದ್ದು. ಊಟದಲ್ಲಿ ಮಾತಾಡುವ ರೂಢಿ ಆಚಾರ್ಯರಿಗಿರಲಿಲ್ಲ.

"ಸಾರನ್ನಕ್ಕೆ ಬಂದ್ರಾ?" ಎಂದರು ಕೋದಂಡರಾಮಪ್ಪ, ಸ್ವಲ್ಪ ಹೊತ್ತು ಬಿಟ್ಟು, ಅಕ್ಕರೆಯಿಂದ.

"ಹೂಂ," ಎಂದರು ಆಚಾರ್ಯರು.