ಚೀಟಿ ನೋಡಿ ಕೊಟ್ಟ ಮಗು

ದೊಡ್ಡಮ್ಮನಿಗೆ ಅಕ್ಷರ ಬಾರದಿದ್ದ ಕಾಲದಲ್ಲಿ ನಮ್ಮ ಶಿಶುಮಂದಿರದಲ್ಲಿ ಒಂದು ಮಗುವೂ ಅದಲುಬದಲಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ಅವಳ ಮೇಲೇ ಹರಿಹಾಯ್ದರು. ದೊಡ್ಡಮ್ಮ ಅಲ್ಲಿ ಕೂಸುಗಳನ್ನು ನೋಡಿಕೊಳ್ಳುವವಳು; ನಾನು ಹಾಲು ಕಾಯಿಸುವವಳು, ಕಣ್ಣಾರೆ ಕಂಡವಳು. ಬಟ್ಟೆ ಗಿರಣಿಯ ಗೇಟಿನ ಪಕ್ಕದಲ್ಲೇ ನಮ್ಮ ಕೋಣೆ. ಪಾಳಿ ಮುಗಿಸಿದ ತಾಯಂದಿರು ಅಂಗಳ ದಾಟುವ ಮೊದಲೇ ಅವರವರ ಕೂಸು ದೊಡ್ಡಮ್ಮನ ತೋಳಿನಲ್ಲಿ ಸಿದ್ಧವಾಗಿರುತ್ತಿತ್ತು. ಕಂಬಳಿಯೊಳಗಿಂದ ಒಂದು ಪಾದ ಕಂಡರೂ ಸಾಕು, ಇಂಥವರ ಮಗು ಎನ್ನುತ್ತಿದ್ದಳು.

ಹೊಸ ಮೇಲ್ವಿಚಾರಕಿಗೆ ಇದು ಹಿಡಿಸಲಿಲ್ಲ. "ನಾಳೆ ನೀವು ರಜೆ ಹಾಕಿದ್ರೆ ಯಾರು ಗುರುತು ಹಿಡೀತಾರೆ ದೊಡ್ಡಮ್ಮಾ?" ಎಂದಳು. ಮಾತೇನೋ ಸರಿಯಾಗಿಯೇ ಇತ್ತು. ಅಂದಿನಿಂದ ಮಗುವಿನ ಅಂಗಿಗೆ ಹೆಸರಿನ ಚೀಟಿ, ಕರೆದೊಯ್ಯುವವರ ಕೈಯಲ್ಲಿ ಅದೇ ಹೆಸರಿನ ಇನ್ನೊಂದು ಚೀಟಿ. ಎರಡನ್ನೂ ಓದಿ, ತಾಳೆ ನೋಡಿ ಮಗು ಕೊಡಬೇಕು. ಓದಲು ಬಾರದವರಿಗೆ ಇಲ್ಲಿ ಕೆಲಸವಿಲ್ಲ.

ತಲೆ ನರೆತ ಮೇಲೆ ದೊಡ್ಡಮ್ಮ ಗಿರಣಿಯ ಸಂಜೆ ತರಗತಿಗೆ ಸೇರಿದಳು. ಅಕ್ಷರಗಳನ್ನೂ ಅವಳು ಕೂಸುಗಳ ಹಾಗೆಯೇ ಗುರುತು ಹಿಡಿದಳು. ಠ ಕಣ್ಣು ಬಿಟ್ಟುಕೊಂಡು ನೋಡುತ್ತದೆ, ಈ ಕ ಕೈ ಚಾಚಿಕೊಂಡು ನಿಂತಿದೆ ಎಂದೆಲ್ಲ ನನಗೆ ಪಾಠ ಬೇರೆ. ಒಂದು ದಿನ ಬೀದಿಯಲ್ಲಿ ಅಂಗಡಿಯ ಹಲಗೆ ತಾನಾಗಿಯೇ ಬಾಯಿಬಿಟ್ಟು "ಸಾಬೂನು" ಎಂದಿತಂತೆ. ಅಲ್ಲೇ ನಿಂತು ಗಳಗಳ ಅತ್ತಳು. ಸಾಬೂನು ಕಂಡು ಅತ್ತವರನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ತರಗತಿಯ ಮೇಷ್ಟ್ರು ತಮಾಷೆಗೆ ಒಂದು ಮಾತು ಆಡಿದರು. "ಹುಟ್ಟುವಾಗ ತಲೇಲಿ ಅಕ್ಷರಕ್ಕೆ ಅಂತ ಬೇರೆ ಕೋಣೆ ಇರಲ್ಲ. ಮುಖ ಗುರುತು ಹಿಡಿಯೋ ಜಾಗದ ಪಕ್ಕದಲ್ಲೇ ಒತ್ತರಿಸಿಕೊಂಡು ಕೂತ್ಕೊಳ್ಳುತ್ತೆ."

ಎಲ್ಲರೂ ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ. "ಹಾಗಾದ್ರೆ ಅಲ್ಲಿದ್ದೋರು ಎಲ್ಲಿಗೆ ಹೋಗ್ತಾರೆ ಮೇಷ್ಟ್ರೇ?"

"ಸ್ವಲ್ಪ ಸರ್ಕೊಂಡು ಕೂರ್ತಾರೆ, ಅಷ್ಟೇ."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅಂದಿನಿಂದ ಅವಳಿಗೆ ಒಳಗೊಳಗೇ ಭಯ ಹತ್ತಿಕೊಂಡಿತು. ಬಟ್ಟಲು ತೊಳೆಯುತ್ತ ನನ್ನ ಹತ್ತಿರ ಪಿಸುಗುಟ್ಟಿದಳು: "ನಮ್ಮನೆಯವರ ಮುಖ ನೆನೆಸ್ಕೊಂಡೆ ಕಣೇ. ಬಂತು. ಆದ್ರೆ ಮುಖದ ಕೆಳಗೆ ಅವರ ಹೆಸರೂ ಬರ್ಕೊಂಡು ಬಂತು." ಸತ್ತ ಗಂಡ ಹೆಸರು ಹೊತ್ತು ಬಂದರೆ ಏನೀಗ ಎಂದು ನಾನು ಗದರಿದೆ. ಅವಳು ಮಾತ್ರ ತೊಳೆದ ಬಟ್ಟಲನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಚಳಿಗಾಲ ಬಂತು. ಫಿಟ್ಸ್ ಬರುವ ಒಂದು ಕೂಸು ನಮ್ಮಲ್ಲಿ ಹಳೆಯದು. ಸಂಜೆ ಮನೆಗೆ ಕಳಿಸುವಾಗ ಅದರ ಔಷಧಿಯ ಬಾಟಲಿಯನ್ನೂ ಜೊತೆಗೆ ಕೊಡಬೇಕು. ಬೇರೆ ಮಗುವಿನ ಹೊಟ್ಟೆಗೆ ಹೋದರೆ ನಿದ್ದೆಯಿಂದ ಏಳದೇ ಹೋಗಬಹುದು ಎಂದು ನರ್ಸಮ್ಮ ಎಚ್ಚರಿಸಿದ್ದರು. ಆ ವಾರ ಹೊಸದಾಗಿ ಸೇರಿದ ಇನ್ನೊಂದು ಕೂಸಿಗೂ ಅದೇ ಹೆಸರು. ಇಬ್ಬರೂ ಗಿರಣಿಯ ಬೂದು ಕಂಬಳಿಯಲ್ಲಿ ಮುಸುಕು ಹೊದ್ದು ಮಲಗಿದ್ದರು.

ಫಿಟ್ಸ್ ಕೂಸಿನ ತಾಯಿಗೆ ಅಂದು ಓವರ್‌ಟೈಮ್. ಅವಳ ಅತ್ತೆ ಬಂದಳು, ಕಣ್ಣಿಗೆ ಪೊರೆ ಬಂದ ಮುದುಕಿ; ಬಾಗಿಲ ಹೊರಗೆ ನಿಂತಿದ್ದರಿಂದ ನನಗೆ ಕಾಣಲಿಲ್ಲ. ದೊಡ್ಡಮ್ಮ ಚೀಟಿ ಓದಿದಳು. ಅಂಗಿಯ ಚೀಟಿ ಓದಿದಳು. ಬಾಟಲಿಯ ಮೇಲಿನ ಹೆಸರನ್ನೂ ಓದಿದಳು. ಮೂರೂ ತಾಳೆಯಾದಾಗ ಅವಳ ಮುಖ ಅರಳಿದ್ದನ್ನು ನಾನು ಒಲೆಯ ಹತ್ತಿರದಿಂದ ನೋಡಿದೆ. "ಬಸ್ ಹತ್ತೋ ಮುಂಚೆ ಒಂದು ಚಮಚ ಕುಡ್ಸಿಬಿಡಿ" ಎಂದು ಕೂಸು, ಬಾಟಲಿ ಎರಡನ್ನೂ ಮುದುಕಿಯ ಕೈಗಿಟ್ಟಳು.

ಸ್ವಲ್ಪ ಹೊತ್ತಿಗೆ ಹೊಸ ಕೂಸಿನ ತಾಯಿ ಅಂಗಳಕ್ಕೆ ಬಂದಳು. ದೊಡ್ಡಮ್ಮ ಉಳಿದ ಮಗುವನ್ನು ಎತ್ತಿಕೊಂಡಳು. ಕಂಬಳಿ ಜಾರಿತು. ಫಿಟ್ಸ್ ಕೂಸು ಕಣ್ಣು ಬಿಟ್ಟು ಅವಳನ್ನೇ ನೋಡಿತು.

ದೊಡ್ಡಮ್ಮ ಕೂಸನ್ನು ಮೇಲ್ವಿಚಾರಕಿಯ ಮಡಿಲಿಗೆ ಹಾಕಿ ಚಪ್ಪಲಿಯೂ ಇಲ್ಲದೆ ಓಡಿದಳು. ಬಾಟಲಿಯೂ ಆ ಕೂಸಿನ ಜೊತೆ ಹೋದದ್ದು ನೆನಪಾಗಿ ನಾನೂ ಓಡಿದೆ. "ನನ್ ಮಗು ಎಲ್ಲಿ?" ಎಂದು ಕಿರುಚುತ್ತ ಆ ತಾಯಿಯೂ ಹಿಂದೆ ಓಡಿಬಂದಳು.

ಬಸ್ ನಿಲ್ದಾಣದ ತುಂಬ ಜನ. ಚಳಿಗೆ ಶಾಲು ಹೊದ್ದ ಮುದುಕಿಯರೇ ಎಲ್ಲಿ ನೋಡಿದರೂ.

"ಹೇಗಿದ್ಲು ಮುದುಕಿ? ಸೀರೆ ಯಾವ ಬಣ್ಣ?" ಎಂದೆ.

"ಗೊತ್ತಿಲ್ಲ. ನಾನು ಚೀಟಿ ನೋಡ್ದೆ."

ಎಂದವಳು ಗಕ್ಕನೆ ನಿಂತುಬಿಟ್ಟಳು. ಅವಳ ಕಣ್ಣು ಬಸ್ಸಿನ ಬೋರ್ಡಿನಿಂದ ಜಾಹೀರಾತಿಗೆ, ಜಾಹೀರಾತಿನಿಂದ ಅಂಗಡಿಯ ಹಲಗೆಗೆ ಹಾರುತ್ತಿತ್ತು, ತುಟಿ ಒಂದೇ ಸಮನೆ ಅಲುಗುತ್ತಿತ್ತು. ನಾನು ಅವಳ ಭುಜ ಹಿಡಿದು ಅಲುಗಾಡಿಸಿದೆ.

"ಬೇಡ ಅಂದ್ರೂ ಓದ್ತಾ ಇದೆ ಕಣೇ! ಕಣ್ಣು ನನ್ ಮಾತು ಕೇಳ್ತಿಲ್ಲ! ಒಂದು ಮುಖಾನೂ ಕಾಣ್ತಿಲ್ಲ!"

ಮರುಗಳಿಗೆಯಲ್ಲಿ ಅವಳು ಧೊಪ್ಪನೆ ಕುಕ್ಕರುಗಾಲಲ್ಲಿ ಕುಳಿತಳು. ಬಿದ್ದಳೆಂದೇ ತಿಳಿದೆ. ಆದರೆ ಆ ಎತ್ತರದಲ್ಲಿ ಬೋರ್ಡುಗಳಿರಲಿಲ್ಲ. ಅಲ್ಲಿದ್ದದ್ದು ಕಾಲುಗಳು, ಚೀಲಗಳು, ಮಡಿಲುಗಳು. ಅವಳು ಹಾಗೆಯೇ ಜನರ ಕಾಲುಗಳ ನಡುವೆ ನುಸುಳುತ್ತ ಹೋದಳು. ಜನ ಬೈದರು, ಯಾರೋ ಒದ್ದರು. ಕಲ್ಲುಬೆಂಚಿನ ತುದಿಯಲ್ಲಿ ಬೂದು ಕಂಬಳಿಯಿಂದ ಒಂದು ಪುಟ್ಟ ಪಾದ ಹೊರಗೆ ಚಾಚಿತ್ತು, ಹೆಬ್ಬೆರಳ ಮೇಲೆ ಪಕ್ಕದ ಬೆರಳು ಹತ್ತಿ ಕೂತ ಪಾದ.

"ಇದೇ!" ಎಂದು ಕೂಗಿದಳು.

ಮುದುಕಿ ಚಮಚ ತುಂಬಿ ಕೂಸಿನ ತುಟಿಗೆ ಹಿಡಿದಿದ್ದಳು. ದೊಡ್ಡಮ್ಮ ಅದನ್ನು ಬೀಸಿ ಹೊಡೆದಳು. ಔಷಧಿ ನೆಲಕ್ಕೆ ಚೆಲ್ಲಿತು. "ಕಳ್ಳಿ! ಮಗು ಕಳ್ಳಿ!" ಎಂದು ಮುದುಕಿ ಚೀರಿದಳು, ಜನ ಮುತ್ತಿದರು. ದೊಡ್ಡಮ್ಮ ಕೂಸಿನ ಬಾಯೊಳಗೆ ಬೆರಳಿಟ್ಟು ನೋಡಿ, ಮೂಸಿ ನೋಡಿ, ಒಣಗಿದೆ, ಒಣಗಿದೆ ಎಂದು ಹುಚ್ಚಿಯ ಹಾಗೆ ನಕ್ಕಳು.

ಅಷ್ಟರಲ್ಲಿ ತಾಯಿ ಜನರನ್ನು ಸೀಳಿಕೊಂಡು ಬಂದು ಕೂಸನ್ನು ಕಿತ್ತುಕೊಂಡಳು. ಅಂಗಿಯ ಚೀಟಿಯನ್ನು ಬೆಳಕಿಗೆ ತಿರುಗಿಸಿ ಓದಿದಳು. ಆಮೇಲೆ ಮಗುವಿನ ಮುಖ ನೋಡಿ, ಎದೆಗವಚಿಕೊಂಡು ಅತ್ತಳು.

ಗಿರಣಿಗೆ ಹಿಂತಿರುಗುವ ದಾರಿಯಲ್ಲಿ ಮುದುಕಿಯನ್ನು ನಾನು ಕೈಹಿಡಿದು ನಡೆಸಿಕೊಂಡು ಬಂದೆ. ದೊಡ್ಡಮ್ಮ ತಲೆ ಬಗ್ಗಿಸಿ, ನೆಲ ಬಿಟ್ಟು ಬೇರೇನನ್ನೂ ನೋಡದೆ ನಡೆಯುತ್ತಿದ್ದಳು. ಕೆಲಸ ಹೋಗುತ್ತದೆಂಬ ಚಿಂತೆ ಇರಬೇಕು ಎಂದುಕೊಂಡೆ.

"ಬಿಡು ದೊಡ್ಡಮ್ಮಾ, ಕೂಸು ಸಿಕ್ತಲ್ಲ," ಎಂದೆ.

"ನೀನು ನೋಡ್ಲಿಲ್ವಾ?" ಎಂದಳು. "ಹೆತ್ತ ತಾಯಿ ಕಣೇ ಅವಳು. ಅವಳೂ ಮೊದ್ಲು ಚೀಟಿ ನೋಡಿದ್ಲು."