ಪೈಲು ಹಾಕಿದ ಮಾಣಿಕ

ಒಂದು ಮಾತು ಕೇಳಲಿಲ್ಲ. ಸುಂದರಾಬಾಯಿಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೇ. ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆಗೆ ಮಗನ ಮದುವೆ ಗೊತ್ತಾಗಿದ್ದೇ ತಡ, ಗಂಡ ಕೃಷ್ಣಾಜಿ ಆಕೆಯ ಪೆಟ್ಟಿಗೆಯಿಂದ ಮಾಣಿಕದ ಉಂಗುರ ತೆಗೆದು, ಸವದತ್ತಿಯಲ್ಲಿ ಬಸ್ಸು ಹತ್ತಿ, ಬೈಲಹೊಂಗಲದ ಹೊಸ ಚಿನ್ನದ ಅಂಗಡಿಯೊಂದಕ್ಕೆ ಕೊಟ್ಟು ಬಂದಿದ್ದ. ಈಗ ಅದನ್ನು ತಂದು ಆಕೆಯ ಮುಂದೆ ಹಿಡಿದಿದ್ದ, ಏನೋ ಘನಕಾರ್ಯ ಮಾಡಿ ಬಂದವನ ಹಾಗೆ.

"ಮುಂಬಯಿಗೆ ಕಳಿಸಿ ಪೈಲು ಹಾಕಿಸ್ಯಾರ. ಹೆಂಗ ಹೊಳೀತದ ನೋಡು. ಮೊದಲ ಮಂಕ ಹಿಡದಿತ್ತು."

ಹೊಳೆಯುತ್ತಿತ್ತು, ಇಲ್ಲವೆಂದವರಾರು? ಪೈಲು ಹಾಕಿ ಸುತ್ತಲೂ ಮುಖ ಕೊರೆದ ಕಲ್ಲು ಹೊಳೆಯದೆ ಏನು ಮಾಡೀತು? ಹಿಂದಿನ ಸಾಣೆಯವರು ಅದಕ್ಕೆ ಒಂದೂ ಮುಖ ಕೊರೆಯದೆ, ಅಡಿ ಸಪಾಟು ಮಾಡಿ, ಮೇಲೆ ನುಣ್ಣಗೆ ಉಬ್ಬಿಸಿ ಬಿಟ್ಟದ್ದು ಕೈಲಾಗದೆ ಅಲ್ಲ. ನಡುಹಗಲ ಬಿಸಿಲಿಗೆ ಹಿಡಿದರೆ ಆ ಉಬ್ಬಿನ ಮೇಲೆ ಆರು ಗೆರೆಯ ಬಿಳಿ ನಕ್ಷತ್ರ ಮೂಡುತ್ತಿತ್ತು. ಉಂಗುರ ತಿರುಗಿಸಿದರೆ ನಕ್ಷತ್ರವೂ ಜರುಗುತ್ತಿತ್ತು. ಆ ಮನೆಗೆ ಬಂದ ಸೊಸೆಯನ್ನು ಅತ್ತೆ ಅಂಗಳಕ್ಕೆ ಕರೆದು ಅದನ್ನು ತೋರಿಸಿಯೇ ಉಂಗುರ ತೊಡಿಸಬೇಕು. ಸುಂದರಾಬಾಯಿಗೂ ಹಾಗೇ ಬಂದದ್ದು; ಗಂಡಸರು ಆ ಕಡೆ ತಲೆ ಹಾಕಿದವರಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ?

ಆಕೆ ಉಂಗುರವನ್ನು ಬಿಸಿಲಿಗೆ ಹಿಡಿದು ನೋಡಿದಳು. ಬರೀ ಥಳಥಳ.

"ಚಿಕ್ಕಿ ಎಲ್ಲಿ ಹೋತ್ರಿ?"

"ಅದರಾಗ ಚಿಕ್ಕಿ ಅದ, ಚಿಕ್ಕಿ ಅದ ಅಂತ ನೀನ ಅಂತಿದ್ದಿ. ಕಲೆ ಇದ್ದೀತು ಅಂತ ಅದನ್ನೂ ತೆಗಸೇನಿ."

ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ ಹೆಂಡತಿಯ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿ, ನಕ್ಷತ್ರಕ್ಕೆ ಅಂದ ಚಿಕ್ಕಿಯನ್ನು ಕಲೆಯ ಚುಕ್ಕೆ ಎಂದುಕೊಂಡಿದ್ದ.

"ಆಕಾಶದಾಗಿನ ಚಿಕ್ಕೀರಿ ಅದು. ಒಂದ ಮಾತು ನನ್ನ ಕೇಳಿದ್ರ ನಿಮ್ಮ ಬಾಯಿ ಸವೀತಿತ್ತೇನು?"

"ನಮ್ಮವ್ವನ ಹರಳು. ನಿನ್ನ ಕೇಳೋದೇನದ ಅದರಾಗ?"

"ನಿಮ್ಮವ್ವ ಕೊಟ್ಟಿದ್ದು ನನಗ, ನಿಮಗಲ್ಲ. ಸೊಸಿ ಬಂದ ದಿವಸ ನಾ ಅಂಗಳಕ್ಕ ಇಳಿಯಂಗಿಲ್ಲ. ನೀವ ಕರದು ತೋರಸ್ರಿ."

ಸಿಟ್ಟಿನ ಮಾತು, ಇಳಿದೀತು ಎಂದುಕೊಂಡ ಕೃಷ್ಣಾಜಿ. ಇಳಿಯಲಿಲ್ಲ.

ರಾಮದುರ್ಗದ ಶಾಂತಾ ಸೊಸೆಯಾಗಿ ಬಂದಳು. ಮಾಣಿಕದ ಚಿಕ್ಕಿಯ ಸುದ್ದಿ ನಿಶ್ಚಯದ ದಿನವೇ ಅವಳ ಕಿವಿಗೆ ಬಿದ್ದಿತ್ತು. ನಡುಹಗಲಾಯಿತು, ಬೀಗರೆಲ್ಲ ಕಾದು ಕೂತರು. ಕೃಷ್ಣಾಜಿ ಹೆಂಡತಿಯತ್ತ ನೋಡಿ ಕಣ್ಣಲ್ಲೇ ಬೇಡಿಕೊಂಡ. ಆಕೆ ಹೊಸ್ತಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಕೃಷ್ಣಾಜಿ ತಾನೇ ಅಂಗಳಕ್ಕಿಳಿದು ಉಂಗುರವನ್ನು ಸೊಸೆಯ ಕೈಗಿಟ್ಟ. ಹುಡುಗಿ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಮಾವನವರ, ನನಗ ಕಾಣವಲ್ದು. ನನ್ನ ಕಣ್ಣಾಗ ಏನರೆ ದೋಷ ಅದ ಏನ್ರಿ?"



"ನಿನ್ನ ಕಣ್ಣು ಛಲೋ ಅವ, ತಂಗಿ," ಎಂದಳು ಸುಂದರಾಬಾಯಿ ಹೊಸ್ತಿಲಿನಿಂದಲೇ. "ಉಳದದ್ದು ನಿಮ್ಮ ಮಾವನವರು ಹೇಳ್ತಾರ, ಕೇಳು."